ಪೂಜೆಗೆ ಕೂತ ಲ್ಯಾಪ್‌ಟಾಪ್

ಮೊನ್ನೆ ಆಯುಧಪೂಜೆಗೆಂದು ಅಟ್ಟದ ಮೇಲಿನ ಹಳೆಯ ಚೀಲ ಇಳಿಸಿದೆ. ಜಿಪ್ ಎಳೆಯುತ್ತಿದ್ದಂತೆ ಗಂಧದ ವಾಸನೆ ಬಂತು. ತೇಯ್ದ ಗಂಧ ಒಣಗಿ, ಧೂಳಿನ ಜೊತೆ ಸೇರಿ, ಬಹಳ ದಿನ ಮುಚ್ಚಿಟ್ಟ ದೇವರ ಗೂಡಿನಿಂದ ಬರುವಂಥ ವಾಸನೆ. ಒಳಗೆ ನನ್ನ ಮೊದಲ ಕೆಲಸದ ಲ್ಯಾಪ್‌ಟಾಪ್ ಇತ್ತು. ಕಂಪನಿಯವರು ಹಳೆಯವನ್ನೆಲ್ಲ ಗುಜರಿಗೆ ಹಾಕುವಾಗ ಕೇಳಿ ಇಸಿದುಕೊಂಡಿದ್ದೆ. ಅದರ ಮುಂದಿನ ಅಂಚಿನಲ್ಲಿ ಉಗುರಿನಷ್ಟು ಸಣ್ಣದೊಂದು ಸರಿಸುವ ಗುಂಡಿಯಿದೆ. ಅದರ ಸಂದಿಯಲ್ಲಿ ಕುಂಕುಮ ಇನ್ನೂ ಹಾಗೇ ಕಚ್ಚಿಕೊಂಡಿದೆ. ಬೆರಳಿಟ್ಟೆ. ತಟ್ಟನೆ ಹಿಂದಕ್ಕೆ ತೆಗೆದೆ... ಇಷ್ಟು ವರ್ಷವಾದ ಮೇಲೂ.

ಆ ಕುಂಕುಮ ಇಟ್ಟವರು ಓನರ್ ಅಜ್ಜಿ. ಹೆಬ್ಬಗೋಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರ ತಾಯಿ. ಆ ಕಟ್ಟಡ ನಿಂತ ಜಾಗದಲ್ಲಿ ಒಂದು ಕಾಲಕ್ಕೆ ಅವರ ರಾಗಿ ಹೊಲವಿತ್ತಂತೆ. ಅಜ್ಜಿಯ ಪಾಲಿಗೆ ಅದು ಆಗಲೂ ಹೊಲವೇ. "ಬದಿನ ತಾವ್ಲ ರೂಮು" ಎಂದರೆ ಮೂಲೆಯ ಮನೆ, "ಬಾವಿ ತಾವ" ಎಂದರೆ ಬೈಕು ನಿಲ್ಲಿಸುವ ಜಾಗ. ಆ ಲೆಕ್ಕದಲ್ಲಿ ನಾನು ಬದುವಿನ ಮೇಲೆ, ಎರಡನೆಯ ಮಹಡಿಯಲ್ಲಿದ್ದೆ.

ಒಂಟಿ ಹೆಂಗಸಿಗೆ ಮನೆ ಕೊಡಲು ಅವರ ಮಗನಿಗೆ ಮನಸ್ಸಿರಲಿಲ್ಲ. ಗಂಡ ಎಲ್ಲಿ, ಏನು ಮಾಡುತ್ತಾರೆ ಎಂದು ಕೇಳಿದರು. ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಅಜ್ಜಿ, "ಅದೇನ್ ಕೇಳ್ತೀಯ ಬುಡ್ಲಾ, ಮುಖ ನೋಡುದ್ರೆ ಗೊತ್ತಾಗಕಿಲ್ವಾ?" ಎಂದು ಬೀಗದ ಕೈ ಕೊಟ್ಟೇಬಿಟ್ಟರು. ನನ್ನ ಮುಖದಲ್ಲಿ ಏನು ಕಂಡಿತೋ...

ಕಂಡದ್ದು ಹೆದರಿಕೆಯೇ ಇರಬೇಕು. ಹೆದರುವುದರಲ್ಲಿ ನಾನಾಗ ಪದವಿ ಮುಗಿಸಿದ್ದವಳು. ಗದಗಿನ ಹತ್ತಿರದ ಗಂಡನ ಮನೆಯಲ್ಲಿ ಗೇಟಿನ ಚಿಲಕ ಸರಿದ ಸದ್ದಿನಿಂದಲೇ ಅಂದು ಸಂಜೆ ಏಟು ಬೀಳುತ್ತದೋ ಇಲ್ಲವೋ ಎಂದು ಹೇಳಬಲ್ಲವಳಾಗಿದ್ದೆ. ಕೊನೆಗೊಂದು ದಿನ ಬಿಟ್ಟು ಬಂದೆ. ಆಗ ಅಪ್ಪ ಹೇಳಿದ್ದು ಒಂದೇ ಮಾತು. ನೌಕರಿ ಕಾಯಂ ಆದರೆ ನಿನ್ನ ದಾರಿ ನಿನಗೆ, ಇಲ್ಲದಿದ್ದರೆ ನಾನೇ ಕರೆದುಕೊಂಡು ಹೋಗಿ ಆ ಮನೆಗೆ ಬಿಟ್ಟು ಬರುತ್ತೇನೆ. ಅಪ್ಪ ಕೆಟ್ಟವರಲ್ಲ, ನಾಲ್ಕು ಜನರ ಬಾಯಿಗೆ ಹೆದರುವವರು. ನಮ್ಮಲ್ಲಿ ಎಲ್ಲರಿಗೂ ಅವರವರ ಪಾಲಿನ ಹೆದರಿಕೆ ಇತ್ತು.

ಅಜ್ಜಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಅವರು ಬಸ್ಸಾರು ತಂದು ಬಾಗಿಲು ತಟ್ಟಿದಾಗ ನಾನು ಬೆಚ್ಚಿ ಕೈಯಲ್ಲಿದ್ದ ಲೋಟ ಬೀಳಿಸಿದ್ದೆ. ಮುಂದಿನ ಸಲದಿಂದ ಕೆಳಗಿನ ಮೆಟ್ಟಿಲಿನಿಂದಲೇ "ನಾನು ಕಣಮ್ಮ" ಎಂದು ಕೂಗುತ್ತ ಹತ್ತತೊಡಗಿದರು. ಪ್ರತಿ ತಿರುವಿನಲ್ಲೂ ನಿಂತು ಉಸಿರು ತಗೊಂಡು ಮತ್ತೊಂದು "ನಾನು ಕಣಮ್ಮ". ಕಟ್ಟಡದವರೆಲ್ಲ ಅದನ್ನು ಅಣಕಿಸಿ ನಗುತ್ತಿದ್ದರು. ನನಗೆ ಮಾತ್ರ ಆ ದನಿ ಕೇಳಿದರೆ ಬಿಗಿದ ಭುಜ ಸಡಿಲವಾಗುತ್ತಿತ್ತು.

ನನ್ನ ಕೆಲಸ ಹೊರದೇಶದ ರೋಗಿಗಳ ವಿಮೆಯ ಅರ್ಜಿಗಳನ್ನು ನೋಡುವುದು, ಅದೂ ಮನೆಯಿಂದಲೇ. ಹೊಸಬಳೆಂದು ಕೊಟ್ಟ ಲ್ಯಾಪ್‌ಟಾಪ್ ಎಷ್ಟು ಕೈ ದಾಟಿ ಬಂದಿತ್ತೋ ದೇವರಿಗೇ ಗೊತ್ತು. ಇಂಟರ್‌ನೆಟ್ ಕೇಬಲ್ ಚುಚ್ಚುವ ಜಾಗ ಮುರಿದಿತ್ತು, ಪೆನ್‌ಡ್ರೈವ್, ಫೋನು ಏನನ್ನೂ ಅದಕ್ಕೆ ಜೋಡಿಸಲು ಬಾರದಂತೆ ಕಂಪನಿಯವರು ಬಂದ್ ಮಾಡಿದ್ದರು. ಇದ್ದದ್ದೊಂದೇ ದಾರಿ, ಅಜ್ಜಿಯ ಮನೆಯಿಂದ ಗೋಡೆ ದಾಟಿ ಬರುವ ವೈಫೈ. ದಸರಾಕ್ಕೆ ಎಲ್ಲರೂ ರಜೆ ಹಾಕಿದಾಗ ಟೀಮ್ ಲೀಡ್ ನನಗೆ, ಆಯುಧಪೂಜೆಯ ದಿನ ಬೇಡ, ಮಾರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನೀವೊಬ್ಬರೇ ಲಾಗಿನ್ ಆಗಬೇಕು ಎಂದಿದ್ದರು. ಅದು ತಪ್ಪಿದರೆ ಕಾಯಂ ಮಾಡುವ ಮಾತೇ ಇಲ್ಲ ಎಂದೂ ನಗುತ್ತಲೇ ಸೇರಿಸಿದ್ದರು. ಇಂಥ ನಗುವನ್ನು ನಾನು ಬಲ್ಲೆ.

ಆಯುಧಪೂಜೆ ಅಜ್ಜಿಯ ಹಬ್ಬ. ಬೆಳಗಾಗುತ್ತಲೇ ನಡುಮನೆಯಲ್ಲಿ ಮಣೆಗಳ ಸಾಲು. ಕುಡುಗೋಲು, ಗುದ್ದಲಿ, ಹೊಲವಿಲ್ಲದ ಮನೆಯಲ್ಲಿ ಇನ್ನೂ ಉಳಿದಿದ್ದ ನೇಗಿಲು, ಮಗನ ಕಾರಿನ ಕೀ, ಮೇಲಿನ ಮಹಡಿಯ ಗಾರೆ ಕೆಲಸದವರ ಕರಣೆ, ಅಜ್ಜಿಯದೇ ಮಿಕ್ಸಿ. ಬಾಡಿಗೆಯವರನ್ನೆಲ್ಲ ಬಾಗಿಲಿಗೆ ಹೋಗಿ ಕರೆಯುತ್ತಿದ್ದರು.

"ನಿಂದೇನಮ್ಮ ಆಯ್ದ?" ಎಂದು ನನ್ನನ್ನೂ ಕೇಳಿದರು.

"ಇದ ರೀ ಅಜ್ಜಿ. ಇದ ನನ್ನ ಅನ್ನ" ಎಂದು ಲ್ಯಾಪ್‌ಟಾಪ್ ಕೊಟ್ಟೆ.

ಅದರಲ್ಲಿ ಏನೋ ಅಪ್‌ಡೇಟ್ ಓಡುತ್ತಿತ್ತು, ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬರೆದಿತ್ತು. ಮುಚ್ಚಳ ಅರ್ಧ ಇಳಿಸಿ, ಚಾರ್ಜರ್ ಸಮೇತ ನೇಗಿಲಿನ ಪಕ್ಕ ಇಟ್ಟು ಬಂದೆ. ಪೂಜೆಗೆ ಕೂತ ಆಯುಧ ಮಾರನೆಯ ಬೆಳಗಿನವರೆಗೆ ಕೈಗೆ ಬರಬಾರದೆಂಬುದು ಆ ಮನೆಯ ನೇಮ. ನಮ್ಮ ಕಡೆಯೂ ಹಾಗೇ. ಅದು ಅಲ್ಲೇ ಉಳಿಯಿತು.

ಮಾರನೆಯ ಬೆಳಿಗ್ಗೆ ಎತ್ತಿಕೊಂಡು ಬಂದೆ. ಮುಚ್ಚಳದ ಮೇಲೆ ವಿಭೂತಿ, ಮುಂದಿನ ಅಂಚಿಗೆ ದಪ್ಪನೆಯ ಗಂಧ, ಅದರ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿದ ಸೇವಂತಿಗೆಯ ಎಸಳು. ಪೂಜೆಯದು, ಒರೆಸಬಾರದೆಂದು ಹಾಗೇ ಬಿಟ್ಟೆ. ಪರದೆ ಹತ್ತಿತು, ಪಾಸ್‌ವರ್ಡ್ ತಗೊಂಡಿತು. ವೈಫೈ ಮಾತ್ರ ಇಲ್ಲ. ಆನ್ ಎಂಬುದನ್ನು ಒತ್ತಿದರೆ ಅದು ತಾನಾಗಿ ಆಫ್‌ಗೆ ವಾಪಸಾಗುತ್ತಿತ್ತು. ಒತ್ತಿದೆ. ವಾಪಸಾಯಿತು. ಮತ್ತೆ ಒತ್ತಿದೆ...

ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ. ಪಾಪ, ಆತ ಒಳ್ಳೆಯ ಮನುಷ್ಯ. ಏರೋಪ್ಲೇನ್ ಮೋಡ್ ನೋಡಿ ಮೇಡಂ, ರೀಸ್ಟಾರ್ಟ್ ಮಾಡಿ ಮೇಡಂ, ಡ್ರೈವರ್ ತೆಗೆದು ಹಾಕಿ ಮೇಡಂ ಎಂದು ಒಂದೊಂದಾಗಿ ಹೇಳಿಸಿ ಮಾಡಿಸಿದ. ಏನು ಮಾಡಿದರೂ ಅಷ್ಟೇ. ಗಡಿಯಾರ ಹನ್ನೊಂದು ದಾಟಿತ್ತು. ಕೊನೆಗೆ ಆತ, "ಒಳಗಿನ ಕಾರ್ಡೇ ಹೋಗಿರ್ಬೇಕು ಮೇಡಂ. ನೀರು ಗೀರು ಬಿತ್ತಾ?" ಎಂದ.

ನೀರು! ಪೂಜೆಯಲ್ಲಿ ತೀರ್ಥ ಚಿಮುಕಿಸಿರುತ್ತಾರೆ, ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಇರುತ್ತಾರೆ. ಕಂಪನಿಯ ಲ್ಯಾಪ್‌ಟಾಪನ್ನು ನೇಗಿಲಿನ ಪಕ್ಕ ಕೂರಿಸಿದ್ದೆ ಎಂದು ಹೇಳಲು ನಾಲಗೆ ಏಳಲಿಲ್ಲ. ಇಲ್ಲ ಸರ್, ನಿನ್ನೆ ಚೆನ್ನಾಗಿತ್ತು ಸರ್, ಇವತ್ತು ವೈಫೈ ಆನೇ ಆಗುತ್ತಿಲ್ಲ ಸರ್ ಎಂದು ಅದನ್ನೇ ಜೋರಾಗಿ ಹೇಳುತ್ತಿದ್ದೆ. ನಾಳೆ ಆಫೀಸು ತೆಗೆದ ಮೇಲೆ ತನ್ನಿ ಎಂದು ಆತ ಇಟ್ಟ. ನಾಳೆ! ನಾಳೆಗೆ ನಾನು ಗದಗಿನ ರೈಲಿನಲ್ಲಿರುತ್ತೇನೆ. ಅಪ್ಪ ನನ್ನ ಚೀಲ ಹಿಡಿದು ಮುಂದೆ ಮುಂದೆ ನಡೆಯುತ್ತಾರೆ. ಆ ಗೇಟಿನ ಚಿಲಕ ಸರಿಯುತ್ತದೆ... ಹಗಲು ಬೆಳಕಿನಲ್ಲೇ ಆ ಸದ್ದು ನನಗೆ ಕೇಳಿಸಿತು. ಲ್ಯಾಪ್‌ಟಾಪನ್ನು ಮಂಚದ ಮೇಲೆ ಬಿಟ್ಟು ಮೂಲೆಗೆ ಹೋಗಿ ಕೂತೆ.

ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಿ. ಹಾರಿಬಿದ್ದೆ. ಅಂದು ಅವರು ಕೂಗದೆ ಬಂದಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು, ತುಟಿ ಒಣಗಿತ್ತು.

"ಅದ್ರದ್ದು ದೀಪ ಆರೋದ್ರೆ... ಕೆಟ್ಟೋಯ್ತದಾ ಮಗ?" ಎಂದರು.

"ಯಾವ ದೀಪ, ಅಜ್ಜಿ?"

"ಮುಂದ್ಗಡೆ ನೀಲಿದು. ಪೂಜೆಗೆ ಕೂತಿರೋ ಆಯ್ದ ದುಡೀಬಾರ್ದು ಕಣಮ್ಮ. ಇದು ನೋಡುದ್ರೆ ಒಂದೇ ಸಮ್ನೆ ಮಿಣುಕ್ತಾನೇ ಇತ್ತು. ದಿನಾ ದುಡೀತದೆ ಪಾಪ, ಒಂದಿನನಾರಾ ಸುಮ್ಕಿರ್ಲಿ ಅಂತ ಅಲ್ಲಿರೋದ್ನ ಇಂಗೆ ಸರಿಸ್ದೆ. ಆರೋಯ್ತು. ಅದ್ಕೇ ಅಲ್ಲೇ ಕುಂಕ್ಮ ಇಟ್ಟೆ..."

ಲ್ಯಾಪ್‌ಟಾಪ್ ಅವರ ಮಗ್ಗುಲಿಗೇ, ಬಾಗಿಲ ಪಕ್ಕದ ಮಂಚದ ಮೇಲಿತ್ತು. ವೈಫೈಯದೇ ಸರಿಸುವ ಗುಂಡಿ! ಅಲ್ಲೊಂದು ಗುಂಡಿಯಿದೆ ಎಂದೇ ನಾನು ಗಮನಿಸಿರಲಿಲ್ಲ. ಮೂಲೆಯಲ್ಲಿ ಕೂತಿದ್ದವಳು ತಟ್ಟನೆ ಎದ್ದು ಅವರ ಕಡೆಗೆ ನುಗ್ಗಿದೆ.

ಅಜ್ಜಿ ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಗೋಡೆಗೆ ಒತ್ತಿಕೊಂಡು ಕುಗ್ಗಿದರು. "ಒಡೀಬ್ಯಾಡಿ" ಎಂದರು.

ಒಡೀಬ್ಯಾಡಿ, ಹೊಡೆಯಬೇಡಿ. ನನ್ನನ್ನು ಅವರು ಎಂದೂ ಬಹುವಚನದಲ್ಲಿ ಕರೆದವರಲ್ಲ. ಆ ಮಾತು ನನಗೆ ಹೇಳಿದ್ದಲ್ಲ. ಅವರ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಕೆಳಗೆ ಅವರ ನಡುಮನೆಯ ಗೋಡೆಯ ಮೇಲಿನ ಫೋಟೋಕ್ಕೆ ಹಾಕಿದ ಹಾರವೇ ಬಣ್ಣಗೆಟ್ಟಿತ್ತು, ಆದರೂ ಆ ಮೊಣಕೈಗೆ ಅದು ಗೊತ್ತಿರಲಿಲ್ಲ. ಮೊಣಕೈ ಹಾಗೆ ಎತ್ತುವುದು, ಕಣ್ಣು ಮೊದಲು ಮುಚ್ಚುವುದು, ಉಸಿರು ಹಿಡಿಯುವುದು... ಇದೆಲ್ಲ ನನ್ನದು, ನನ್ನೊಬ್ಬಳದೇ ಎಂದುಕೊಂಡಿದ್ದೆ. ಲಾಗಿನ್ನು, ಹನ್ನೆರಡು ಗಂಟೆ, ಎಲ್ಲ ಒಂದು ಗಳಿಗೆ ಮರೆತೇಹೋಯಿತು. ನನ್ನನ್ನು ನೋಡಿಯೂ ಒಬ್ಬರು ಹೀಗೆ ಹೆದರಬಹುದು ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆಯಾಯಿತು.

ಬಾಯಿಗೆ ಬಂದದ್ದು ಅವರದೇ ಮಾತು. "ನಾನು, ಅಜ್ಜಿ. ನಾನ ಅದೀನಿ" ಎಂದೆ. ಮೊಣಕೈ ಮೆಲ್ಲಗೆ ಇಳಿಯಿತು. ಅವರ ಕೈಹಿಡಿದು ಮಂಚದ ಮೇಲೆ ಕೂರಿಸಿದೆ. ಅವರದೇ ಬೆರಳನ್ನು ಗುಂಡಿಯ ಮೇಲಿಟ್ಟು, ನನ್ನ ಬೆರಳಿನಿಂದ ಒತ್ತಿ ಸರಿಸಿದೆ. ಕುಂಕುಮದಡಿಯಿಂದ ನೀಲಿ ದೀಪ ಹತ್ತಿತು. ಪರದೆಯ ಮೂಲೆಯಲ್ಲಿ ವೈಫೈ ಗೆರೆಗಳು ಒಂದರ ಮೇಲೊಂದು ಎದ್ದವು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನಾನು ಅತ್ತೆ. ಅಜ್ಜಿ, "ಬುಡು, ಬುಡು, ಕೆಟ್ಟಿಲ್ವಲ್ಲ" ಎಂದು ನನಗೂ ತಮಗೂ ಸೇರಿಸಿ ಹೇಳಿಕೊಂಡರು.

ಲಾಗಿನ್ ಆದೆ, ಹನ್ನೆರಡರ ಒಳಗೇ. ಅಂದು ಕೆಲಸ ಮುಗಿಯುವ ತನಕ ಅಜ್ಜಿ ನೆಲದ ಮೇಲೆ ಕಡಲೆಕಾಯಿ ಬಿಡಿಸುತ್ತ ಅಲ್ಲೇ ಕೂತಿದ್ದರು. ಕೆಳಗೆ ಹೋಗಿ ಒಬ್ಬರೇ ಕೂರಲು ಅವರಿಗೇ ಧೈರ್ಯವಿರಲಿಲ್ಲವೋ, ನನ್ನನ್ನು ಒಬ್ಬಳೇ ಬಿಡಲು ಮನಸ್ಸಿರಲಿಲ್ಲವೋ, ತಿಳಿಯಲಿಲ್ಲ. ನಡುನಡುವೆ ಚೂರುಚೂರಾಗಿ ಹೇಳಿದರು. ಅವರ ಗಂಡನ ಮನೆಯಲ್ಲಿ ಹೆಣ್ಣು ನೇಗಿಲು ಮುಟ್ಟುವಂತಿರಲಿಲ್ಲ. ಮದುವೆಯಾದ ಹೊಸತು, ಆಯುಧಪೂಜೆಯ ಬೆಳಿಗ್ಗೆ, ಗಂಡಸರು ಎತ್ತು ತೊಳೆಯಲು ಕೆರೆಗೆ ಹೋಗಿದ್ದಾಗ ನೇಗಿಲಿಗೆ ಮಣ್ಣು ಮೆತ್ತಿದ್ದು ಕಂಡು ಸೆರಗಿನಲ್ಲಿ ಒರೆಸಿದ್ದರಂತೆ. ಒಳ್ಳೆಯದಕ್ಕೇ ಮಾಡಿದ್ದು. "ಆವತ್ತು ತಿಂದಿದ್ದು ಈವತ್ಗೂ ಮೈಯಾಗೈತೆ ಕಣಮ್ಮ" ಎಂದರು. ಗಂಡ ಹೋದ ಮೇಲೆಯೇ ಆ ಪೂಜೆಯನ್ನು ತಮ್ಮ ಕೈಗೆ ತೆಗೆದುಕೊಂಡದ್ದು. ಕಟ್ಟಡದ ಕರಣೆ, ಮಿಕ್ಸಿಗಳನ್ನೆಲ್ಲ ಕರೆದು ಕೂರಿಸುತ್ತಿದ್ದುದು ಯಾಕೆಂದು ನನಗೆ ಆಗ ಅರ್ಥವಾಯಿತು.

ಸಂಜೆ ಹೋಗಿ ಬನ್ನಿ ಎಲೆ ಹುಡುಕಿ ತಂದೆ. ನಮ್ಮ ಕಡೆಯ ಪದ್ಧತಿ. ಅವರ ಕೈಗಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಕಾಲು ಮುಟ್ಟಿದೆ. ಅಜ್ಜಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಯ್ದು ನೇಗಿಲ ಮೇಲೆ ಇಟ್ಟರು.

ಕೆಲಸ ಕಾಯಂ ಆಯಿತು. ಮುಂದಿನ ವರ್ಷ ನನ್ನ ಆಯುಧವನ್ನು ಅವರು ಕೇಳಲೇ ಇಲ್ಲ. ನಾನೇ ಒಯ್ದು ಮಣೆಯ ಮೇಲಿಟ್ಟರೆ ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ ಕಣಮ್ಮ, ಅನ್ನ ಕೊಡೋದು." ನಾನು ಬಿಡಲಿಲ್ಲ. "ನೀವ ಆರಸ್ರಿ ಅಜ್ಜಿ. ನನಗೂ ಒಂದಿನ ರಜಾ ಬ್ಯಾಡೇನು?" ಎಂದೆ. ನಕ್ಕರು. ಬೆರಳಿನ ತುದಿಯಲ್ಲಿ ಮೆಲ್ಲಗೆ ಸರಿಸಿದರು. ಆಮೇಲೆ ವರ್ಷಾ ವರ್ಷಾ ಅದೇ ನೇಮವಾಯಿತು, ಆರಿಸುವವರು ಅವರು, ಮಾರನೆಯ ದಿನ ಹೊತ್ತಿಸುವವಳು ನಾನು.

ಬರಬರುತ್ತ ಅವರ ಮಂಡಿ ಸೋತವು. ಮೆಟ್ಟಿಲು ಹತ್ತಲಾಗದೆ ಕೆಳಗೆ ನಿಂತೇ ಕೂಗುತ್ತಿದ್ದರು, ದನಿಯೊಂದೇ ಮೇಲೆ ಬರುತ್ತಿತ್ತು. ನಾನು ಆಮೇಲೆ ಅತ್ತಿಬೆಲೆಯ ಕಡೆ ಮನೆ ಬದಲಿಸಿದೆ. ಹಬ್ಬಕ್ಕೆ ಮಾತ್ರ ಹೋಗುತ್ತಿದ್ದೆ. ಹೋದ ಚಳಿಗಾಲದಲ್ಲಿ ಅವರ ಮಗ ಫೋನ್ ಮಾಡಿದರು. ನಿದ್ದೆಯಲ್ಲೇ ಹೋದರಂತೆ, ಯಾರಿಗೂ ತೊಂದರೆ ಕೊಡದೆ. ನಾನು ಸೇರುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ನಡುಮನೆಯಲ್ಲಿ ನೇಗಿಲು ಕಾಣಲಿಲ್ಲ.

ಈ ವರ್ಷ ಪೂಜೆ ನನ್ನ ಮನೆಯಲ್ಲೇ. ಹಳೆಯದಕ್ಕೆ ಚಾರ್ಜರ್ ಚುಚ್ಚಿದೆ. ಹತ್ತಲಾರದೆಂದುಕೊಂಡಿದ್ದೆ, ತಡವಾಗಿಯಾದರೂ ಹತ್ತಿತು. ನೀಲಿ ದೀಪ ಮಿಣುಕಿತು. ಗಂಧವಿಟ್ಟು, ಕುಂಕುಮವಿಟ್ಟು, ಗುಂಡಿ ಸರಿಸಿದೆ. ಆರಿತು. ಆರಿದ ಕೂಡಲೇ, ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಗೊತ್ತಿದ್ದೂ, ಬಾಗಿಲ ಕಡೆ ನೋಡಿದೆ. ಮೆಟ್ಟಿಲು ಸುಮ್ಮನಿತ್ತು.

"ನಾನು ಕಣಮ್ಮ" ಎಂದು ನಾನೇ ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ. ನನ್ನ ಬಾಯಲ್ಲಿ ಅದು ಸರಿಯಾಗಿ ಬರಲಿಲ್ಲ.