ಮಾದಪ್ಪ ಭಾವನ ಕೊರಳಿನ ಮಾಲೆ

ಆ ಭಾನುವಾರ ಬೆಳಗ್ಗೆ ನಾನು ನಂಜನಗೂಡಿನಲ್ಲಿ, ಅಣ್ಣನ ಮನೆಯ ಅಡುಗೆಮನೆ ಬಾಗಿಲಿಗೆ ಒರಗಿ, ಎರಡನೇ ದೋಸೆಗೆ ತಟ್ಟೆ ಚಾಚಿಕೊಂಡು ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ: ಆ ದೋಸೆ ನನಗೆ ಸಿಗಲಿಲ್ಲ. ಅತ್ತಿಗೆಯ ಫೋನು ಬಡಿದುಕೊಂಡಿತು. ತಿ. ನರಸೀಪುರದಿಂದ ಅವರ ಅಣ್ಣ ಮಾದಪ್ಪ, ನನಗೆ ಭಾವನಾಗಬೇಕಾದವರು, ಕೂಗುತ್ತಿದ್ದರು.

“ಯಾರವ್ವ ನನ್ನ ಫೋಟೋಗೆ ಮಾಲೆ ಆಕಿ ದೀಪ ಅಚ್ಚಿದೋರು? ಸತ್ತೋನು ಮದ್ವೆಗೆ ಬಂದಾನಾ? ಎಣ್ಣ ಮಂಟಪಕ್ಕೆ ಕರ್ಕಬರಕ್ಕೆ ಬ್ಯಾರೆ ಮಾವನ್ನ ನೋಡ್ಕಳಿ!”

ಅಣ್ಣನ ಮಗಳ ಮದುವೆಗೆ ಉಳಿದಿದ್ದದ್ದು ಒಂದು ವಾರ. ಸೋದರಮಾವ ಕರೆತರದೆ ನಮ್ಮಲ್ಲಿ ಹುಡುಗಿ ಮಂಟಪ ಹತ್ತುವುದಿಲ್ಲ; ಅವಳಿಗಿರುವುದು ಇವರೊಬ್ಬರೇ. ಮದುವೆಗೆಂದು ಮಾಡಿದ ವೆಬ್‌ಪೇಜನ್ನು ಹಿಂದಿನ ಸಂಜೆ ಬಂಧುಗಳಿಗೆಲ್ಲ ಕಳಿಸಿದ್ದೆವು. ತೆರೆದು ನೋಡಿದೆ. ಹಿರಿಯರ ಸಾಲಿನಲ್ಲಿ ಮೊದಲು, ತೀರಿಕೊಂಡ ನಮ್ಮ ಅಜ್ಜಿ. ಕೊರಳಿಗೆ ಗಂಧದ ಮಾಲೆ, ಮುಂದೆ ದೀಪ. ಸರಿ. ಆದರೆ ಆಕೆಯ ನಂತರದ ಮಾದಪ್ಪ ಭಾವನಿಗೂ, ಅಣ್ಣ ಅತ್ತಿಗೆಗೂ, ನನಗೂ ಅದೇ ಮಾಲೆ, ಅದೇ ದೀಪ. ಕೊನೆಯಲ್ಲಿದ್ದ ವಧೂವರರಿಗೆ ಮಾತ್ರ ಮಾಲೆ ಒಪ್ಪಿತ್ತು.

ಪೇಜು ಬರೆದವನು ಮದುವೆಗಂಡೇ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸಿ ಇತರರ ತಪ್ಪು ಹಿಡಿಯುವುದು ಅವನ ಉದ್ಯೋಗ. ಆಗಲಿರುವ ಅಳಿಯನನ್ನು ಬೈಯುವಂತಿಲ್ಲ. ವೆಬ್‌ಪೇಜು ಬರೆಯುವ ಎಚ್‌ಟಿಎಂಎಲ್ ಎಂದೋ ಒಂದಿಷ್ಟು ಕಲಿತಿದ್ದ ತಪ್ಪಿಗೆ ಎಲ್ಲರೂ ನನ್ನನ್ನು ನೋಡಿದರು. ಫೋಟೋ ಸ್ವಲ್ಪ ದೊಡ್ಡದು ಮಾಡಬೇಕಿತ್ತು ಎಂದು ಹುಡುಗನಿಗೆ ಸುಳ್ಳು ಹೇಳಿ ಪಾಸ್‌ವರ್ಡ್ ಪಡೆದೆ.

ಓದುಗ ಮಿತ್ರರೆ, ಆ ಕೋಡನ್ನು ನೀವು ನೋಡಬೇಕಿತ್ತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಯಾತಕ್ಕೂ ಬೇಡದ ಇನ್ನೊಂದು ಪೆಟ್ಟಿಗೆ. ‘ಹೊಸದು’, ‘ಹೊಸದು ೨’, ‘ಇದೇ ಕೊನೆಯದು’ ಎಂಬ ಹೆಸರಿನ ತುಂಡುಗಳು. ನಡುವೆ ‘ಇದು ಯಾಕಿದೆಯೋ ಗೊತ್ತಿಲ್ಲ, ಅಳಿಸಬೇಡಿ’ ಎಂಬ ಟಿಪ್ಪಣಿ. ಅಳಿಸಿದೆ. ಕಲ್ಯಾಣ ಮಂಟಪದ ವಿಳಾಸವೇ ಮಾಯವಾಯಿತು. ಕೈಮುಗಿದು ವಾಪಸು ಇಟ್ಟೆ.

ಯಾವ ಅಲಂಕಾರ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಗುರುತೇ ಟ್ಯಾಗು; ತೆರೆದ ಟ್ಯಾಗನ್ನು ಮುಚ್ಚಬೇಕು, ಈ ಬರವಣಿಗೆ ಕೇಳುವ ಶಿಸ್ತು ಇಷ್ಟೇ. ಮುಚ್ಚದಿದ್ದರೂ ಬ್ರೌಸರ್ ಗದರುವುದಿಲ್ಲ; ಅರ್ಧ ಮಾತಿಗೇ ಅರ್ಥ ಊಹಿಸಿಕೊಂಡು ಸಂಸಾರ ತೂಗಿಸುವ ನಮ್ಮ ಅತ್ತಿಗೆಯ ಹಾಗೆ, ಬರೆದವನ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ತಾನೇ ಯೋಚಿಸಿ ನಡೆಸಿಕೊಂಡು ಹೋಗುತ್ತದೆ. ಕೆಟ್ಟ ಕೋಡು ಇಷ್ಟು ವರ್ಷ ಬಾಳಿರುವುದು ಈ ಸಹನೆಯಿಂದಲೇ. ಗಂಡಂದಿರು ಬಾಳುವುದೂ ಇದರಿಂದಲೇ ಇರಬೇಕೆಂದುಕೊಂಡು ಅಣ್ಣನ ಕಡೆ ನೋಡಿದೆ.

ಅಜ್ಜಿಗೆ ತೆರೆದ ಮಾಲೆಯ ಟ್ಯಾಗನ್ನು ಹುಡುಗ ಮುಚ್ಚಲು ಮರೆತಿದ್ದ. ಸಾವು ಸಾಲಿನ ತುದಿಯವರೆಗೂ ಹರಿದಿತ್ತು. ಮುಚ್ಚುವ ಟ್ಯಾಗೊಂದನ್ನು ಅಜ್ಜಿಯ ಪಕ್ಕದಲ್ಲಿಟ್ಟೆ. ನಾವೆಲ್ಲ ಬದುಕಿದೆವು. ಭಾವನಿಗೆ ಫೋನು ಮಾಡಿದೆ.

“ಮಾಲೆ ತೆಗ್ದಿದ್ದೀನಿ ಭಾವ. ಮದ್ವೆಗೆ ಬರ್ಲೇಬೇಕು.”

“ತೆಗ್ದೇಬುಟ್ಯಾ?” ದನಿ ಇಳಿದಿತ್ತು. “ಬತ್ತೀನಿ ಬುಡು. ಅಲ್ಲ ಕಣಪ್ಪ, ಜಮೀನು ಜಗಳಕ್ಕೆ ಮಾತು ಬುಟ್ಟಿದ್ನಲ್ಲ ನಮ್ಮ ದೊಡ್ಡಪ್ಪನ ಮಗ, ಈಗ ಫೋನ್ ಮಾಡಿದ್ದ. ನಾನೇ ಎತ್ತಿ ಸುಮ್ಕಿದ್ದೆ. ನನ್ ಮಗ ಎತ್ತವ್ನೆ ಅಂದ್ಕಂಡು, ‘ನಿಮ್ಮಪ್ಪನಂತೋನು ಇನ್ನು ಉಟ್ಟಕಿಲ್ಲ ಕಣ್ಲಾ’ ಅಂತ ಗೊಳೋ ಅಂತ ಅತ್ತ.”

“ಆಮೇಲೆ?”

“ಆಮೇಲೇನು, ಸಾಯಂಕಾಲದ ಗಂಟ ಮಾಲೆ ಇರ್ಲಿ. ಮುಡುಕುತೊರೆ ಷಡ್ಕ ಇನ್ನೂ ಫೋನ್ ಮಾಡಿ ಅತ್ತಿಲ್ಲ.”

ಕಷ್ಟಪಟ್ಟು ಸರಿಪಡಿಸಿದ ಕೋಡನ್ನು ಕೈಯಾರೆ ಕೆಡಿಸಿದೆ. ಇದನ್ನು ಕಂಡವರಲ್ಲಿ ಅಣ್ಣ ಇದ್ದಾನೆ, ಅತ್ತಿಗೆ ಇದ್ದಾರೆ, ಕೇಳಬಹುದು. ಮಾದಪ್ಪ ಭಾವನೂ ಇದ್ದಾರೆ. ಆದರೆ ಆ ದಿನ ಸಂಜೆಯವರೆಗೂ ಅವರು ತಮಗೆ ಬಂದ ಕರೆಗಳನ್ನೆಲ್ಲ ಎತ್ತಿ, ತಮ್ಮ ಗುಣಗಾನ ಕೇಳುತ್ತ, ಒಂದರಲ್ಲೂ ಮಾತಾಡಲಿಲ್ಲ.