ಐವತ್ತರಲ್ಲಿ ಒಬ್ಬ ನೇತಾಡುವವನು

ಪೆನ್ಸಿಲಿನಲ್ಲಿ ಬರೆದದ್ದನ್ನು ನಮ್ಮ ಕಡೆ ಯಾರೂ ಬರಹವೆಂದು ಒಪ್ಪುವುದಿಲ್ಲ. ಎಸ್ಟೇಟಿನ ರೈಟರು ಬೆಳಿಗ್ಗೆ ಹಾಜರಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತಾರೆ, ಸಂಜೆ ಅದರ ಮೇಲೆ ಶಾಯಿ ಓಡಿಸಿ ರಬ್ಬರಿನಿಂದ ಉಜ್ಜಿಬಿಡುತ್ತಾರೆ. ಬಡಗಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೀಚಿದ್ದು ಉಳಿಯ ಬಾಯಿಗೆ ಹೋಗಲಿಕ್ಕೇ ಇರುವಂಥದು. ಆದ್ದರಿಂದ ಮೂಡಿಗೆರೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಶೇಷಣ್ಣ ಮಾಡಿದ್ದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಅವನು ಮಾಡಿದ್ದರ ಫಲವಾಗಿ, ಐವತ್ತು ದಾಟಿದ, ಊರಿನಲ್ಲಿ ತಕ್ಕಮಟ್ಟಿಗೆ ಮರ್ಯಾದೆಯಿರುವ ಕಾಫಿ ಬೆಳೆಗಾರನಾದ ನಾನು ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಇನ್ನೊಬ್ಬರ ಸಹಿಯನ್ನು ಅಭ್ಯಾಸ ಮಾಡಿದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಕಾಫಿಯ ಬೆಲೆ ನೆಲ ಕಚ್ಚಿದ್ದ ವರ್ಷಗಳವು. ನಮ್ಮ ಸುತ್ತಿನವರೆಲ್ಲ ಒಂದೆರಡು ಕೋಣೆಗೆ ಬಣ್ಣ ಬಳಿದು ಗೇಟಿಗೆ ‘ಹೋಂಸ್ಟೇ’ ಎಂಬ ಹಲಗೆ ತೂಗುಹಾಕುತ್ತಿದ್ದರು. ನಾವೂ ಹಾಕಿದೆವು. ಯಾರೂ ಬರದಿದ್ದರೆ ಏನು ಗತಿ ಎಂದು ನಾನು ಒಂದು ತಿಂಗಳು ಚಿಂತಿಸಿದೆ; ಅತಿಥಿಯೊಬ್ಬಳು ಬಂದ ಮೇಲೆ, ಇವಳು ಹೋಗದಿದ್ದರೆ ಏನು ಗತಿ ಎಂದು ಇನ್ನೊಂದು ತಿಂಗಳು. ಆಕೆ ಮೈಸೂರಿನ ಕಲಾವಿದೆ, ನಂದಿನಿ ಎಂದು ಹೆಸರು. ಮರದ ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಸವರಿ, ದಪ್ಪ ಕಾಗದಕ್ಕೆ ಒತ್ತುವುದು ಆಕೆಯ ಕಸುಬು. ಆಗ ಟ್ಯಾರೋ ಎಂಬ ಇಸ್ಪೀಟಿನಂಥ ಎಲೆಗಳ ಇಪ್ಪತ್ತೆರಡು ಚಿತ್ರಗಳನ್ನು ನಮ್ಮ ಕಾಫಿ ಸೀಮೆಯ ವೇಷದಲ್ಲಿ ಕೆತ್ತುತ್ತಿದ್ದಳು.

ಟ್ಯಾರೋ ಎಂದರೆ ಭವಿಷ್ಯ ಹೇಳುವ ಎಲೆಗಳೆಂದು ನಾನೂ ತಿಳಿದಿದ್ದೆ. ಅವು ಇಟಲಿಯಲ್ಲಿ ಹುಟ್ಟಿದ್ದು ಬರೀ ಆಟಕ್ಕಂತೆ; ಅವುಗಳಲ್ಲಿ ಭವಿಷ್ಯ ಕಾಣುವವರು ಹುಟ್ಟಿದ್ದು ಶತಮಾನಗಳ ಮೇಲೆ. ಇದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಕ್ಲಬ್ಬಿನ ಇಸ್ಪೀಟೂ ಆಟಕ್ಕೆಂದೇ ಇರುವುದು, ಆದರೂ ಮನೆಗೆ ಹೋದಮೇಲೆ ಹೆಂಡತಿ ಏನನ್ನುತ್ತಾಳೆಂಬ ಭವಿಷ್ಯವನ್ನು ಕೈಯಲ್ಲಿರುವ ಎಲೆಗಳೇ ನುಡಿಯುತ್ತವೆ. ನಂದಿನಿಯ ‘ಅದೃಷ್ಟಚಕ್ರ’ದ ಎಲೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರಿನ ಗಾಲಿಯಿತ್ತು. ಕಂದೀಲು ಹಿಡಿದ ಸನ್ಯಾಸಿ ಬಾಬಾಬುಡನ್‌ಗಿರಿಯ ಮಂಜಿನಲ್ಲಿ ನಿಂತಿದ್ದ. ಇನ್ನೊಂದು ಎಲೆಯ ಹೆಸರು ‘ನೇತಾಡುವವನು’. ಸಿಲ್ವರ್ ಓಕಿನ ಕೊಂಬೆಗೆ ಒಂದು ಕಾಲನ್ನು ಮೆಣಸಿನ ಬಳ್ಳಿಯಿಂದ ಕಟ್ಟಿಸಿಕೊಂಡು, ಇನ್ನೊಂದನ್ನು ಮಡಚಿ, ತಲೆಕೆಳಗಾಗಿ, ಪರಮ ನೆಮ್ಮದಿಯಲ್ಲಿ ಜೋತುಬಿದ್ದ ಮನುಷ್ಯ. ಅವನಿಗೆ ಆಕೆ ಕೊಟ್ಟದ್ದು ನನ್ನ ಮುಖ. ಮೂಗು ನನ್ನದೇ, ಕಿವಿಯೂ ನನ್ನದೇ. ಹಣೆಯ ಗೆರೆಗಳು ಮಾತ್ರ ಇರಲಿಲ್ಲ. ಹಾಗಾಗಿ ನೆಂಟರ್ಯಾರೂ ನನ್ನನ್ನು ಗುರುತಿಸಲಿಲ್ಲ.

ಐವತ್ತೇ ಪ್ರತಿ ತೆಗೆದು, ಹಲಗೆಗೆ ಅಡ್ಡ ಗೀರು ಎಳೆದು, ಮತ್ತೆ ಒತ್ತಲಾಗದಂತೆ ಮಾಡಿಬಿಟ್ಟಳು. ಇನ್ನೊಂದು ಗೊಂಚಲು ಹೆಚ್ಚು ಕಚ್ಚಲಿ ಎಂದು ಗಿಡಕ್ಕೆ ಕೈಮುಗಿಯುವ ನನಗೆ ಇದು ಅರ್ಥವಾಗಲಿಲ್ಲ. ಸಂಗ್ರಹ ಮಾಡುವವರಿಗೆ ಅಪರೂಪವೇ ಮುಖ್ಯ ಎಂದಳು. ಒಂದು ಪ್ರತಿಯನ್ನು, ಅಡಿಯಲ್ಲಿ ಪೆನ್ಸಿಲಿನಿಂದ ಐವತ್ತರಲ್ಲಿ ಅದು ಎಷ್ಟನೆಯದೆಂಬ ಸಂಖ್ಯೆ ಬರೆದು ಸಹಿ ಹಾಕಿ, ನನಗೆ ಕೊಟ್ಟು ಹೋದಳು.

ಅದನ್ನು ಶೇಷಣ್ಣನ ಅಂಗಡಿಗೆ ಕೊಟ್ಟೆ. ವಾರ ಬಿಟ್ಟು ಹೋದಾಗ ಅವನ ಮುಖದಲ್ಲಿ ಉಪಕಾರ ಮಾಡಿದವನ ಕಳೆಯಿತ್ತು.

“ಅಂಚಲ್ಲಿ ಯಾರೋ ಪೆನ್ಸಿಲಲ್ಲಿ ಗೀಚಿದ್ರು ಗೌಡ್ರೇ, ರೇಟೋ ಎಂಥದೋ. ನೀಟಾಗಿ ಉಜ್ಜಿ ತೆಗ್ದಿದೀನಿ. ಮತ್ತೆ ನೀವು ಮನುಷ್ಯನ್ನ ತಲೆಕೆಳಗೆ ಹಿಡ್ಕೊಂಡು ಬಂದಿದ್ರಿ. ಸರಿ ಮಾಡಿ ಕೊಕ್ಕೆ ಹೊಡ್ದಿದೀನಿ.”

ಅಡಿ ಯಾವುದು, ಮುಡಿ ಯಾವುದು ಎಂದು ಹೇಳುತ್ತಿದ್ದದ್ದು ಆ ಬರಹವೊಂದೇ. ಅದು ಹೋದಮೇಲೆ, ಮನುಷ್ಯನ ಕಾಲು ಕೆಳಗಿರಬೇಕೆಂಬ ಲೋಕನ್ಯಾಯ ಮಾತ್ರ ಉಳಿಯಿತು. ಗಾಜಿನ ಹಿಂದೆ ನಾನು ಕೊಂಬೆಯ ಮೇಲೆ ಒಂಟಿಕಾಲಿನಲ್ಲಿ ನಿಂತು ಕುಣಿಯುತ್ತಿದ್ದೆ. ಸಿಟ್ಟಾಗಬೇಕಿತ್ತು. ಥ್ಯಾಂಕ್ಸ್ ಹೇಳಿ ಬಂದೆ.

ನನ್ನ ಹೆಂಡತಿ ಜಲಜಳಿಗೆ ಸಂತೋಷವೇ ಆಯಿತು. ತಲೆಕೆಳಗಾದ ಗಂಡನನ್ನು ಹಾಲಿನಲ್ಲಿ ನೇತುಹಾಕಿಕೊಳ್ಳುವುದು ಹೇಗೆಂದು ಅವಳು ಮೊದಲೇ ತಕರಾರು ತೆಗೆದಿದ್ದಳು. ಸಾಲದ್ದಕ್ಕೆ ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಹೇಳಿ ಕಳಿಸಿದ ಹಾಗೆ ಮಾರ್ಚಿನಲ್ಲೇ ಬಂತು. ಒಂಬತ್ತನೆಯ ದಿನ ತೋಟವೆಲ್ಲ ಬೆಳ್ಳಗಾಗಿ ಮನೆಯೊಳಗೂ ಮಲ್ಲಿಗೆಯಂಥ ಪರಿಮಳ. ಇನ್ನು ಪಟ ತಿರುಗಿಸುವ ಮಾತೇ ಇಲ್ಲವೆಂದಳು. ನಾನು ವಿಚಾರವಾದಿ, ಇಂಥದನ್ನೆಲ್ಲ ನಂಬುವುದಿಲ್ಲ. ಆದರೆ ತಿರುಗಿಸಲೂ ಇಲ್ಲ.

ಎರಡು ವರ್ಷದ ಮೇಲೆ ನಂದಿನಿಯ ಕಾಗದ ಬಂತು. ಅವಳ ಮನೆಯ ಮಾಡು ಸೋರಿ ತನಗೆಂದು ಇಟ್ಟುಕೊಂಡಿದ್ದ ಪ್ರತಿಗಳಲ್ಲಿ ಕೆಲವು ಹಾಳಾಗಿದ್ದವು. ಇಪ್ಪತ್ತೆರಡನ್ನೂ ಒಟ್ಟಿಗೆ ಇಡುವ ಅವಳ ಮೊದಲ ದೊಡ್ಡ ಪ್ರದರ್ಶನ ಮುಂದಿನ ತಿಂಗಳು. ಉಳಿದವನ್ನೆಲ್ಲ ಕೊಂಡವರಿಂದ ಎರವಲು ತಂದಾಗಿತ್ತು, ಸಿಗದೆ ಉಳಿದದ್ದು ನೇತಾಡುವವನೊಬ್ಬನೇ. ಒಂದು ಕಡಿಮೆಯಾದರೂ ಪ್ರದರ್ಶನವಿಲ್ಲ. ಸಂಖ್ಯೆ, ಸಹಿ ಇಲ್ಲದ್ದನ್ನು ಪ್ರದರ್ಶನ ನಡೆಸುವವರು ಮುಟ್ಟುವುದಿಲ್ಲ. ‘ನಿಮ್ಮದು ಭದ್ರವಾಗಿರುತ್ತದೆಂದು ನನಗೆ ಗೊತ್ತು, ನೀವು ಅಷ್ಟು ಚಿಂತೆ ಮಾಡುವವರು’ ಎಂದು ಬರೆದಿದ್ದಳು. ಶನಿವಾರ ಬರುತ್ತಾಳಂತೆ.

ಆಗಲೇ ನಾನು ಬಾಗಿಲು ಹಾಕಿಕೊಂಡದ್ದು. ಕಾಗದದ ಕೊನೆಯಲ್ಲಿ ಅವಳ ಸಹಿ ಇತ್ತಲ್ಲ, ಅದನ್ನೇ ಮುಂದಿಟ್ಟುಕೊಂಡು ತಿದ್ದತೊಡಗಿದೆ. ‘ನ’ದ ಬಾಲ ಮೆಣಸಿನ ಬಳ್ಳಿಯ ಹಾಗೆ ಸುರುಳಿ ಸುತ್ತಬೇಕು; ನಾನು ಬರೆದರೆ ಹಲ್ಲಿಯ ಬಾಲವಾಗುತ್ತಿತ್ತು. ಸಂಖ್ಯೆಯಂತೂ ಸರಿಯಾಗಿ ನೆನಪಿರಲಿಲ್ಲ. ಏಳು ಇದ್ದದ್ದು ನಿಜ. ಬರೀ ಏಳೋ, ಹದಿನೇಳೋ? ತುಂಬ ಯೋಚಿಸಿ ಹದಿನೇಳೆಂದು ತೀರ್ಮಾನಿಸಿದೆ. ಮೂರನೆಯ ದಿನ ಜಲಜ ಕಾಫಿ ತಂದವಳು ಮೇಜಿನ ತುಂಬ ಹರಡಿದ್ದ ನಂದಿನಿಯರನ್ನು ನೋಡಿದಳು. ನಾಲ್ಕು ಹಾಳೆ ಸರಿಸಿ ಲೋಟ ಇಟ್ಟಳು. ಆಮೇಲೆ, “ಒಂದು ಸಲ ಬಾಯಿಬಿಟ್ಟು ಹೇಳ್ಬಿಡಿ ಮಾರಾಯ್ರೆ. ಈ ಪ್ರಾಯದಲ್ಲಿ ಕಾಪಿ ಬರೆಯೋದೆಂಥ” ಎಂದಳು.

ಶನಿವಾರ ನಂದಿನಿ ಒಳಗೆ ಬಂದವಳೇ ಗೋಡೆಯತ್ತ ನೋಡಿ ನಿಂತುಬಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ನಾನು ರಬ್ಬರು, ಕೊಕ್ಕೆ, ಹೂಮಳೆ, ಹದಿನೇಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವಳ ಮುಖದ ಬಣ್ಣ ಇಳಿಯಿತು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಕಟ್ಟು ಬಿಚ್ಚಿಕೊಡಿ ಎಂದಳಷ್ಟೆ. ಕಾಗದ ಹರಿದೀತೆಂದು ನಾನು ಮೊದಲ ಮೊಳೆಯನ್ನೇ ಎಳೆಯುತ್ತ, ಬಿಡುತ್ತ ಕೂತೆ. ಜಲಜ ಇಕ್ಕಳ ಕಸಿದುಕೊಂಡು ತಾನೇ ಕಿತ್ತಳು.

ನಂದಿನಿ ಕಾಗದವನ್ನು ಪೂರ್ವದ ಕಿಟಕಿಯ ಹತ್ತಿರ ಒಯ್ದು, ಓರೆಯಾಗಿ ಬೀಳುತ್ತಿದ್ದ ಬಿಸಿಲಿಗೆ ಅಡ್ಡ ಹಿಡಿದು, ಒಂದಿಷ್ಟು ಬಾಗಿಸಿದಳು.

“ಬನ್ನಿ ಇಲ್ಲಿ” ಎಂದಳು.

ಕಪ್ಪು ಹೋಗಿತ್ತು, ಒತ್ತು ಹೋಗಿರಲಿಲ್ಲ. ದಪ್ಪ ಕಾಗದದಲ್ಲಿ ಪೆನ್ಸಿಲಿನ ಮೊನೆ ಊರಿದ್ದ ಹಾದಿ ಕೂದಲೆಳೆಯ ನೆರಳಾಗಿ ಮೂಡಿತ್ತು: ಬಳ್ಳಿಯ ಹಾಗೆ ಸುತ್ತಿದ ಸಹಿ, ಅದರ ಪಕ್ಕ ಸಂಖ್ಯೆ. ಮೂವತ್ತೇಳು. ಮೂರು ದಿನ ಕಷ್ಟಪಟ್ಟು ಕಲಿತ ಸುಳ್ಳೂ ತಪ್ಪಾಗಿತ್ತು.

“ನಾನು ಒತ್ತಿ ಬರೆಯೋಳು, ಸದ್ಯ” ಎಂದು ನಂದಿನಿ ಉಸಿರು ಬಿಟ್ಟಳು. ಅದರ ಮೇಲೆ ಇನ್ನೊಮ್ಮೆ ಬರೆದುಬಿಡಿ ಎಂದೆ. ಬೇಡವೆಂದಳು. ಪ್ರದರ್ಶನದಲ್ಲಿ ಪಕ್ಕದಿಂದ ಒಂದು ದೀಪ ಇಡಿಸಿದರೆ ಕಾಣುತ್ತದೆ, ಕಂಡರೆ ಸಾಕು.

ಜಲಜಳಿಗೆ ಬೇರೊಂದು ಅಳುಕಿತ್ತು. ಎರಡು ವರ್ಷ ಪಟವನ್ನು ಉಲ್ಟಾ ಹಾಕಿದ್ದರಿಂದ ದೋಷವೇನಾದರೂ ಉಂಟೇ ಎಂದು ಕೇಳಿದಳು. ನಂದಿನಿ ನಕ್ಕಳು.

“ಎಲೆ ಉಲ್ಟಾ ಬಿದ್ರೆ ಅದಕ್ಕೂ ಒಂದು ಅರ್ಥ ಇದೆ. ನೇತಾಡ್ತಿರೋನು ಅಂದ್ರೆ ಸುಮ್ಮನೆ ಕಾಯೋಕೆ ಗೊತ್ತಿರೋನು. ಅವನನ್ನ ನಿಲ್ಲಿಸಿಬಿಟ್ರೆ, ಕಾಯೋಕಾಗದೆ ಒದ್ದಾಡೋನು.”

ಜಲಜ ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಹಾಗಾದ್ರೆ ಶೇಷಣ್ಣ ಸರಿಯಾಗೇ ಹಾಕಿದಾರೆ” ಎಂದಳು.

ಪ್ರದರ್ಶನ ನಡೆಯಿತು. ಚಿತ್ರ ಜೋಪಾನವಾಗಿ ಮರಳಿ ಬಂದು, ಜಲಜಳ ಹಟದಂತೆ ಅದೇ ಗೋಡೆಯಲ್ಲಿ ಹಾಗೇ ಒಂಟಿಕಾಲಿನಲ್ಲಿ ನಿಂತಿದೆ. ಬೆಳಗಿನ ಬಿಸಿಲು ಓರೆಯಾಗುವ ಹೊತ್ತಿಗೆ ನಾನು ಕುರ್ಚಿ ಹತ್ತಿ ಸಂಖ್ಯೆ ಇದೆಯೇ ಎಂದು ನೋಡುತ್ತೇನೆ. ಚಿತ್ರ ನಿಂತಿರುವುದರಿಂದ ಸಂಖ್ಯೆ ತಲೆಕೆಳಗು. ಅದನ್ನು ಓದಬೇಕಾದರೆ ನಾನೇ ಕತ್ತು ತಿರುಗಿಸಿ ಜೋತುಬೀಳಬೇಕು. ದಿನಕ್ಕೆ ಅರ್ಧ ನಿಮಿಷ ಹಾಗೆ ಇರುತ್ತೇನೆ. ಆ ಅರ್ಧ ನಿಮಿಷ ನನ್ನ ಹಣೆಯ ಗೆರೆಗಳು ಕಾಣುವುದಿಲ್ಲವೆಂದು ಜಲಜಳ ಅಂಬೋಣ.

ಜೂನ್ ಬಂದರೆ ಮೂರು ತಿಂಗಳು ಆ ಕಿಟಕಿಗೆ ಬಿಸಿಲಿಲ್ಲ. ಆಗ ನೋಡದೆಯೇ, ಇದೆ ಎಂದು ನಂಬಿಕೊಂಡಿರಬೇಕು. ಒತ್ತಿ ಬರೆದದ್ದು ಎಲ್ಲಿಗೆ ಹೋಗುತ್ತದೆ ಎನ್ನುತ್ತಾಳೆ ಜಲಜ. ಅವಳ ಮಾತು ನಿಜವೆಂದು ನನಗೆ ಗೊತ್ತು, ವರ್ಷದಿಂದ ವರ್ಷಕ್ಕೆ ಸ್ವಲ್ಪ ಹೆಚ್ಚೇ ಗೊತ್ತಾಗುತ್ತಿದೆ. ಆದರೂ ಮಳೆ ಬಿಡುವ ಸೂಚನೆ ಕಂಡ ಕೂಡಲೇ, ಕುರ್ಚಿ ಎಲ್ಲಿದೆ ಎಂದು ಒಮ್ಮೆ ನೋಡಿಟ್ಟುಕೊಳ್ಳುತ್ತೇನೆ.