ಇಳಿಯೋರು ಇಳೀರಿ

ನ್ಯಾಮತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಬಿ.ಪಿ. ವಿಪರೀತ ಏರಿದ್ದರಿಂದ, ದಿನಾ ನಡೆಯದಿದ್ದರೆ ಕಷ್ಟ ಎಂದು ಡಾಕ್ಟರು ಹೆದರಿಸಿದ್ದರು. ಬೆಳಿಗ್ಗೆ ಸವಳಂಗದ ರಸ್ತೆಯಲ್ಲಿ ಅವರ ಜೊತೆ ನಾನೂ ಹೋಗುತ್ತಿದ್ದೆ. ಬಿರುಸಾಗಿ ನಡೆಯುವ ಮನುಷ್ಯ, ಬಸ್ ಸ್ಟಾಪ್ ಕಂಡೊಡನೆ ನಿಂತುಬಿಡುತ್ತಿದ್ದರು. ಹಿಂದೆ ತಿರುಗಿ, "ಇಳಿಯೋರು ಬೇಗ ಇಳೀರಿ" ಎಂದು ಕೂಗಿಯೇ ಮತ್ತೆ ಹೊರಡುವರು.

"ಹಿಂಗೆ ನಿಂತ್ಕಂತ ಹೋದ್ರೆ ವಾಕಿಂಗ್ ಹೆಂಗಾಗ್ತೈತೆ ಸಾರ್?" ಎಂದು ನಾನು ರೇಗುತ್ತಿದ್ದೆ.

"ನಿಲ್ಲಿಸದಿದ್ರೆ ಬಿ.ಪಿ. ಎಲ್ಲಿ ಇಳೀಬೇಕು ಹೇಳ್ರಿ?" ಎನ್ನುವರು.

ಮೂರು ತಿಂಗಳಾದ ಮೇಲೆ ಪರೀಕ್ಷೆಗೆ ಹೋದೆವು. ಡಾಕ್ಟರು ಅವರ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ನೋಡಿ, ಪಟ್ಟಿ ಬಿಚ್ಚಿದರು.

"ಇಳಿದೈತೆ ರೀ," ಎಂದರು ಡಾಕ್ಟರು.

ನಮ್ಮ ಕಂಡಕ್ಟರ್ ಮೇಜನ್ನು ಎರಡು ಸಲ ಬಡಿದರು: "ರೈಟ್, ರೈಟ್!"